ಕವುಚಿ ಮಲಗಿದ ರೋಗಿಯ ಟ್ಯೂಬ್ ಹೊರಗೆ ಬಂದಾಗ: ನನ್ನ ಅನುಭವ

ಬೆನ್ನುಮೂಳೆ ಆಪರೇಷನ್ ಇರುವ ದಿನ ನಾನು ಮೊದಲು ನೋಡುವುದು ಓಟಿ (ಆಪರೇಷನ್ ಥಿಯೇಟರ್) ಬಾಗಿಲ ಹೊರಗೆ ಟ್ರಾಲಿ ಇದೆಯಾ ಅಂತ. ರೋಗಿಯನ್ನು ಕವುಚಿ ಮಲಗಿಸಿದ ಕೂಡಲೇ ಅದನ್ನು ಯಾರಾದರೂ ಬೇರೆ ಕೇಸಿಗೆ ಎಳೆದುಕೊಂಡು ಹೋಗಿರುತ್ತಾರೆ. ಅಂಗಾತ ಮಲಗಿಸಲೇಬೇಕಾಗಿ ಬಂದರೆ ನೆಲದ ಮೇಲೆ ಮಲಗಿಸುವುದಾ?

ಮಂಗಳೂರಿನಲ್ಲಿ ಅರಿವಳಿಕೆ ಕೊಡುವವರಿಗೆ ಅಡಿಕೆ ಮರದಿಂದ ಬಿದ್ದು ಬೆನ್ನು ಮುರಿದುಕೊಂಡವರು ಹೊಸಬರಲ್ಲ. ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆಯಿಂದ ಬರುತ್ತಾರೆ, ಕೊಳೆರೋಗಕ್ಕೆ ಮದ್ದು ಬಿಡುವ ಸಮಯದಲ್ಲಿ ಜಾಸ್ತಿ. ಅಂಥ ಒಬ್ಬರ ಆಪರೇಷನ್ ನಡೆದಿತ್ತು. ಸ್ಕ್ರೂ ಎಲ್ಲ ಕೂತಾಗಿತ್ತು, ಗಾಯ ಇನ್ನೂ ತೆರೆದೇ ಇತ್ತು. ಅಷ್ಟರಲ್ಲಿ ರೋಗಿ ಹೊರಬಿಡುವ ಉಸಿರನ್ನು ತೋರಿಸುವ ಕಾರ್ಬನ್ ಡೈಆಕ್ಸೈಡ್ ಗೆರೆ ಮಾನಿಟರ್‌ನಲ್ಲಿ ಮಲಗಿಬಿಟ್ಟಿತು, ವೆಂಟಿಲೇಟರ್ ಕೂಗತೊಡಗಿತು. ಬಟ್ಟೆ ಎತ್ತಿ ಕೆಳಗೆ ಬಗ್ಗಿ ನೋಡಿದರೆ ಶ್ವಾಸನಾಳಕ್ಕೆ ಹಾಕಿದ್ದ ಉಸಿರಿನ ಟ್ಯೂಬನ್ನು ಹಿಡಿದಿದ್ದ ಪ್ಲಾಸ್ಟರ್ ಜೊಲ್ಲಿಗೆ ನೆನೆದು ಕುರುಚಲು ಗಡ್ಡದಿಂದ ಎದ್ದು ಬಂದಿತ್ತು. ಟ್ಯೂಬ್ ತುಟಿಯ ಹತ್ತಿರ ನೇತಾಡುತ್ತಿತ್ತು.

"ಸರ್, ನಿಲ್ಲಿಸಿ. ಟ್ಯೂಬ್ ಬಂದಿದೆ" ಎಂದೆ. "ಮಗುಚಬೇಕಾ?" ಎಂದರು ಸರ್ಜನ್. "ಈಗ ಬೇಡ, ಗಾಯದ ಮೇಲೆ ಒದ್ದೆ ಮಾಪ್ ಬಟ್ಟೆ ಇಡಿ. ಸಿಸ್ಟರ್, ಟ್ರಾಲಿ ಬಾಗಿಲ ಒಳಗೆ ತನ್ನಿ, ಇನ್ನೊಬ್ಬ ಡಾಕ್ಟರನ್ನು ಕರೆಯಿರಿ."

ಎಲ್ಲರಿಗೂ ಮೊದಲು ಹೊಳೆಯುವುದು ಮಗುಚುವುದೇ. ಆದರೆ ಗಾಯ ಮುಚ್ಚಿ, ವೈರು ಬಿಡಿಸಿ, ನಾಲ್ಕೈದು ಜನ ಸೇರಿ ಬೆನ್ನು ತಿರುಚದ ಹಾಗೆ ತಿರುಗಿಸುವಷ್ಟರಲ್ಲಿ ನಿಮಿಷಗಳು ಹೋಗುತ್ತವೆ, ಅಷ್ಟು ಹೊತ್ತು ಉಸಿರಿಲ್ಲ. ತಲೆಯನ್ನು ಪಿನ್ ಹಾಕಿ ಬಿಗಿದ ಕೇಸಾದರೆ ಇನ್ನೂ ಕಷ್ಟ.

ಅದಕ್ಕೆ ನನ್ನ ಕೈ ಹೋಗಿದ್ದು ಲಾರಿಂಜಿಯಲ್ ಮಾಸ್ಕ್ ಕಡೆಗೆ. ಗಂಟಲಿನಲ್ಲಿ ಧ್ವನಿಪೆಟ್ಟಿಗೆಯ ಬಾಯಿಯ ಮೇಲೆ ಕೂತು ಗಾಳಿ ಕಳಿಸುವ, ತುದಿಯಲ್ಲಿ ಮೆತ್ತನೆಯ ಬಟ್ಟಲಿರುವ ಕೊಳವೆ ಇದು; ಇಂಗ್ಲೆಂಡಿನ ಡಾಕ್ಟರ್ ಆರ್ಚೀ ಬ್ರೇನ್ 1981ರಲ್ಲಿ ಮೊದಲು ಬಳಸಿದ ಸಾಧನ. ಗಂಟಲೊಳಗೆ ನೋಡುವ ಅಗತ್ಯವೇ ಇಲ್ಲ, ಕವುಚಿ ಮಲಗಿದವರಲ್ಲಿ ಅದೇ ದೊಡ್ಡ ಉಪಕಾರ. ಇನ್ನೊಂದು ವಿಷಯ ಹೊಸಬರು ನಂಬುವುದಿಲ್ಲ: ಅಂಗಾತ ಮಲಗಿದಾಗ ಹಿಂದಕ್ಕೆ ಬಿದ್ದು ದಾರಿ ಮುಚ್ಚುವ ನಾಲಿಗೆ, ಕವುಚಿ ಮಲಗಿದಾಗ ತನ್ನ ಭಾರಕ್ಕೆ ತಾನೇ ಮುಂದಕ್ಕೆ ಜೋತು ಬೀಳುತ್ತದೆ. ದವಡೆಯೂ ಹಾಗೆಯೇ. ಗಂಟಲು ನಮ್ಮ ಪರವಾಗಿಯೇ ಇರುತ್ತದೆ ಅಲ್ವಾ!

ಟೆಕ್ನಿಷಿಯನ್ ಎರಡೂ ಕೈಯಲ್ಲಿ ಹಣೆ ಹಿಡಿದು ತಲೆಯನ್ನು ಸ್ವಲ್ಪ ಎತ್ತಿ ನನ್ನ ಕಡೆ ವಾಲಿಸಿದರು. ನಾನು ತಲೆಯ ಪಕ್ಕ ಮಂಡಿಯೂರಿ, ಎಡಗೈಯಲ್ಲಿ ಬಾಯಿ ತೆರೆದು, ಜೆಲ್ಲಿ ಸವರಿದ ನಾಲ್ಕನೇ ಸೈಜಿನ ಮಾಸ್ಕನ್ನು ಅಂಗುಳಕ್ಕೆ ಒತ್ತಿ ಒಳಗೆ ಜಾರಿಸಿದೆ. ಒತ್ತಾಯ ಮಾಡಬಾರದು, ತಡೆದ ಕಡೆ ಸ್ವಲ್ಪ ಹಿಂದೆ ಎಳೆದು ಮತ್ತೆ ತಳ್ಳಬೇಕು. ನೂರಕ್ಕೆ ನೂರು ಆಕ್ಸಿಜನ್ ಹಾಕಿ ಬ್ಯಾಗ್ ಹಿಂಡಿದೆ. ಕವುಚಿದಾಗ ಎದೆ ಏರುವುದು ಸರಿಯಾಗಿ ಕಾಣುವುದಿಲ್ಲ, ನಂಬಬೇಕಾದ್ದು ಆ ಗೆರೆಯನ್ನೇ. ಗೆರೆ ಚೌಕವಾಗಿ ಎದ್ದು ನಿಂತಿತು. ಇಳಿಯುತ್ತಿದ್ದ ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) ನಿಧಾನವಾಗಿ ಮೇಲೆ ಬಂತು. ಎಚ್ಚರವಾಗದಂತೆ ಸ್ವಲ್ಪ ಪ್ರೊಪೊಫಾಲ್ ಎಂಬ ಅರಿವಳಿಕೆ ಮದ್ದು ಕೊಟ್ಟೆ.

ಮುಂದೆ ಏನು ಅನ್ನುವುದು ಉಳಿದ ಕೆಲಸದ ಮೇಲೆ ನಿಂತಿದೆ. ಇನ್ನೂ ಗಂಟೆಗಟ್ಟಲೆ ಇದ್ದರೆ ಮಾಸ್ಕಿನ ಒಳಗಿಂದಲೇ ಫೈಬರ್‌ಸ್ಕೋಪ್ (ಒಳಗೆ ನೋಡುವ ಬಾಗುವ ತೆಳು ದುರ್ಬೀನು) ಬಿಟ್ಟು ಟ್ಯೂಬ್ ಹಾಕಬಹುದು, ಇಲ್ಲವೇ ಜನ ಸೇರಿಸಿ ನಿಧಾನವಾಗಿ ಮಗುಚಬಹುದು. ನಮಗೆ ಹೊಲಿಗೆ ಮಾತ್ರ ಬಾಕಿ ಇತ್ತು, ಗಾಳಿ ಚೆನ್ನಾಗಿ ಹೋಗುತ್ತಿತ್ತು, ಹಾಗೇ ಮುಗಿಸಿದೆವು. ಇಷ್ಟು ಸಲೀಸಾದರೆ ಮೊದಲೇ ಮಾಸ್ಕ್ ಹಾಕಿ ಕವುಚಬಾರದಾ ಎಂದು ಕೇಳುವವರಿದ್ದಾರೆ. ದೊಡ್ಡ ಆಪರೇಷನ್‌ಗೆ ನಾನಂತೂ ಹಾಕುವುದಿಲ್ಲ. ಹೊಟ್ಟೆಯಿಂದ ಏನಾದರೂ ಮೇಲೆ ಬಂದರೆ ಇದು ಟ್ಯೂಬಿನಷ್ಟು ಭದ್ರವಲ್ಲ.

ನಮ್ಮ ಊರಿನಲ್ಲಿ ಇನ್ನೊಂದು ತೊಡಕಿದೆ. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದು ಕೆನ್ನೆ ಗಟ್ಟಿಯಾದವರ ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯುವುದಿಲ್ಲ. ಅಲ್ಲಿ ಮಾಸ್ಕ್ ನೆಚ್ಚಿಕೊಂಡು ಕೂರುವ ಹಾಗಿಲ್ಲ. ಹಿಂದಿನ ದಿನ ವಾರ್ಡಿಗೆ ಹೋದಾಗಲೇ ಬಾಯಿ ತೆರೆಸಿ ನೋಡುತ್ತೇನೆ. ಅಂಥವರಿಗೆ ಗಡ್ಡ ಬೋಳಿಸಿ, ಪ್ಲಾಸ್ಟರ್ ಜೊತೆಗೆ ದಾರದಿಂದಲೂ ಟ್ಯೂಬ್ ಕಟ್ಟಿ, ಬಾಯಿಗೆ ಜೊಲ್ಲು ಹೀರುವ ಗಾಜ್ ಇಟ್ಟು, ಟ್ರಾಲಿಯನ್ನು ಓಟಿ ಒಳಗೇ ನಿಲ್ಲಿಸಿಕೊಳ್ಳುತ್ತೇನೆ. ಜಾಗ ಇಲ್ಲ ಎಂದು ಸಿಸ್ಟರ್ ಗೊಣಗಿದರೂ ಸರಿ.