ಹೊಂದಾಣಿಕೆಯನ್ನು ಅಳೆದು ನೋಡುವುದು ಹೇಗೆ: ಕಾಂಡ್ಲಾದಿಂದ ಕಳ್ಳಿಯವರೆಗೆ

ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುತ್ತದೆ. ಚಳ್ಳಕೆರೆಯಲ್ಲಿ 500 ಮಿ.ಮೀ. ಆಸುಪಾಸು, ಅದೂ ಬಂದರೆ ಬಂತು. ಎರಡು ಊರುಗಳ ನಡುವಿನ ನೇರ ದೂರ 200 ಕಿ.ಮೀ. ಒಳಗೇ. ಆಗುಂಬೆಯಿಂದ ಪಶ್ಚಿಮಕ್ಕೆ ಘಾಟಿ ಇಳಿದು ಕುಂದಾಪುರಕ್ಕೆ ಹೋದರೆ ಉಪ್ಪುನೀರಲ್ಲಿ ನಿಂತ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು. ಇಷ್ಟೆಲ್ಲ ಕೈಗೆಟಕುವ ದೂರದಲ್ಲಿದ್ದರೂ ನಮ್ಮ ತರಗತಿಗಳಲ್ಲಿ ಪರಿಸರಕ್ಕೆ ಜೀವಿಗಳ ಹೊಂದಾಣಿಕೆ ಎಂದರೆ ಇನ್ನೂ ಒಂಟೆಯ ಡುಬ್ಬ, ಹಿಮಕರಡಿಯ ತುಪ್ಪಳ. ಚಾರ್ಟ್ ಬರೆದು ಗೋಡೆಗೆ ಅಂಟಿಸಿದರೆ ಪಾಠ ಮುಗಿಯಿತು.

ಗಿಡದ ರೂಪ ನೋಡಿ ಅದರ ಉಪಯೋಗ ಊಹಿಸುವುದು ಸುಲಭ, ಆದರೆ ಆ ಊಹೆ ಎಷ್ಟೋ ಸಲ ತಪ್ಪುತ್ತದೆ. ಆದ್ದರಿಂದ ಇಲ್ಲಿನ ಪ್ರತಿ ಪರೀಕ್ಷೆಯಲ್ಲೂ ಒಂದು ಅಳತೆ ಇದೆ, ಹೋಲಿಸಿ ನೋಡಲು ಇನ್ನೊಂದು ಗಿಡವೋ ಇನ್ನೊಂದು ಹೊತ್ತೋ ಇದೆ. ಹೈಸ್ಕೂಲು ಮಕ್ಕಳು ಮಾಡಬಹುದಾದವು, ಅಡುಗೆಮನೆ ಮತ್ತು ಔಷಧಿ ಅಂಗಡಿಯ ಸಾಮಾನಲ್ಲೇ ಆಗುವಂಥವು.

ಎಲೆ ಕೀಳುವ ಮೊದಲು ಒಂದು ನಿಯಮ. ಒಂದೇ ಹೊಂಗೆ ಮರದ ತುದಿಯ ಬಿಸಿಲೆಲೆ ದಪ್ಪಗೆ, ಚಿಕ್ಕದಾಗಿರುತ್ತದೆ. ಒಳಗಿನ ನೆರಳೆಲೆ ತೆಳ್ಳಗೆ, ಅಗಲವಾಗಿರುತ್ತದೆ. ಇದು ಆ ಒಂದು ಮರ ಬೆಳಕಿಗೆ ತಕ್ಕಂತೆ ತನ್ನನ್ನು ಸರಿಮಾಡಿಕೊಂಡದ್ದು. ತಲೆಮಾರುಗಳಲ್ಲಿ ಆಯ್ಕೆಯಾಗಿ ಬಂದ ಜಾತಿಯ ಗುಣ ಬೇರೆ. ಒಂದು ಗಿಡದ ಬಿಸಿಲೆಲೆಯನ್ನು ಇನ್ನೊಂದರ ನೆರಳೆಲೆಯೊಡನೆ ಹೋಲಿಸಿದರೆ ಎರಡೂ ಕಲಸಿಹೋಗುತ್ತವೆ. ಆದ್ದರಿಂದ ಎಲ್ಲ ಗಿಡಗಳಿಂದಲೂ ಎದೆಮಟ್ಟದ, ಪೂರ್ತಿ ಬಿಸಿಲು ಬೀಳುವ, ಬಲಿತ ಎಲೆಯನ್ನೇ ತೆಗೆಯಿರಿ.

ಒಣಸೀಮೆ: ರಾತ್ರಿ ಹುಳಿಯಾಗುವ ಎಲೆ

ಒಂದೇ ಒಂದು ಪ್ರಯೋಗ ಮಾಡಲು ಸಮಯವಿದ್ದರೆ ಇದನ್ನು ಮಾಡಿ. ಕಾಡುಬಸಳೆಯ (ಬ್ರಯೋಫಿಲಮ್) ಎಲೆ ಬೆಳಿಗ್ಗೆ ಹುಳಿ, ಸಂಜೆಗೆ ಸಪ್ಪೆ. ಬೆಂಜಮಿನ್ ಹೇನ್ ಎಂಬ ಸಸ್ಯವಿಜ್ಞಾನಿ ಭಾರತದಲ್ಲಿ ಇದನ್ನು ಗಮನಿಸಿ ಬರೆದದ್ದು 1815ರಲ್ಲಿ ಅಚ್ಚಾಯಿತು. ಟಿಪ್ಪುವಿನ ಪತನದ ನಂತರ ಲಾಲ್‌ಬಾಗ್ ನೋಡಿಕೊಂಡವರೂ ಇವರೇ. ಅವರು ರುಚಿ ನೋಡಿಯೇ ಹೇಳಿದ್ದರು. ನೀವು ಮಕ್ಕಳ ಬಾಯಿಗೆ ಹಾಕಿಸಬೇಡಿ; ಈ ಎಲೆಯಲ್ಲಿ ಹೃದಯಕ್ಕೆ ತೊಂದರೆ ಕೊಡುವ ರಾಸಾಯನಿಕಗಳಿವೆ, ಮೇಯ್ದ ದನಗಳು ಸತ್ತದ್ದೂ ಇದೆ. ನಾಲಿಗೆಯ ಕೆಲಸವನ್ನು ಸುಣ್ಣ ಮತ್ತು ಅರಿಸಿನ ಮಾಡುತ್ತವೆ. ಆರತಿಯ ಓಕುಳಿ ನೀರು ಕೆಂಪಾಗುವುದು ಯಾಕೆಂದು ಬಲ್ಲವರಿಗೆ ಅರ್ಧ ಪ್ರಯೋಗ ಆಗಲೇ ಗೊತ್ತು.

ಬೇಕಾದದ್ದು: ಕುಂಡದಲ್ಲಿ ಬೆಳೆದ ಕಾಡುಬಸಳೆ, ಹೋಲಿಕೆಗೆ ಹೊಂಗೆ ಎಲೆ, 0.1 ಗ್ರಾಂವರೆಗೆ ತೂಗುವ ಚಿಕ್ಕ ತಕ್ಕಡಿ, ಸೂಜಿ ಇಲ್ಲದ 10 ಮಿ.ಲೀ. ಸಿರಿಂಜ್, ಎಲೆ-ಅಡಿಕೆಯ ಸುಣ್ಣ, ಅರಿಸಿನ, ಸರ್ಜಿಕಲ್ ಸ್ಪಿರಿಟ್, ಸ್ಟೀಲ್ ಪಾತ್ರೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಯೂ ಸುಣ್ಣವೂ ಅದನ್ನು ತಿನ್ನುತ್ತವೆ.

1. ಹಿಂದಿನ ರಾತ್ರಿ ಒಂದು ಲೀಟರ್ ನೀರಿಗೆ ತುಂಬಿದ ಒಂದು ಚಮಚ ಸುಣ್ಣ ಹಾಕಿ ಚೆನ್ನಾಗಿ ಕುಲುಕಿ ಇಡಿ. ಮಾರನೆಯ ದಿನ ತಳದ ಗಸಿ ಕದಡದಂತೆ ಮೇಲಿನ ತಿಳಿ ಬಸಿದು, ಬಾಟಲಿಯ ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಿ.

2. ಒಂದು ಚಮಚ ಅರಿಸಿನವನ್ನು 50 ಮಿ.ಲೀ. ಸ್ಪಿರಿಟ್‌ನಲ್ಲಿ ಕದಡಿ, ತಿಳಿಯಲ್ಲಿ ಫಿಲ್ಟರ್ ಕಾಗದದ ಪಟ್ಟಿಗಳನ್ನು ಅದ್ದಿ ನೆರಳಲ್ಲಿ ಒಣಗಿಸಿ. ಹತ್ತಿರ ಬೆಂಕಿ ಇರಬಾರದು. ಅಂಗಡಿಯ ಪುಡಿಯಲ್ಲಿ ಕಲಬೆರಕೆ ಬಣ್ಣವಿದ್ದರೆ ಫಲಿತಾಂಶ ಕೆಡುತ್ತದೆ, ಅರಿಸಿನದ ಕೊಂಬನ್ನೇ ಕುಟ್ಟಿಕೊಳ್ಳುವುದು ಮೇಲು.

3. ಬೆಳಿಗ್ಗೆ ಸೂರ್ಯ ಹುಟ್ಟುವ ಮುಂಚೆ 10 ಗ್ರಾಂ ಎಲೆ ಕಿತ್ತು, ಕತ್ತರಿಸಿ, 50 ಮಿ.ಲೀ. ನೀರಲ್ಲಿ ಐದು ನಿಮಿಷ ಕುದಿಸಿ. ಆರಿದ ಮೇಲೆ ಅರೆದು ಬಟ್ಟೆಯಲ್ಲಿ ಸೋಸಿ, ನೀರು ಸೇರಿಸಿ ಒಟ್ಟು 100 ಮಿ.ಲೀ. ಮಾಡಿ ಫ್ರಿಜ್ಜಿನಲ್ಲಿಡಿ.

4. ಸಂಜೆ ಐದರ ಹೊತ್ತಿಗೆ ಅದೇ ಗಿಡದ ಅಂಥದೇ ಎಲೆಗಳಿಂದ ಇನ್ನೊಂದು 100 ಮಿ.ಲೀ. ಮಾಡಿ. ಹೊಂಗೆಗೂ ಎರಡೂ ಹೊತ್ತಿನದು ಬೇಕು.

5. ಬೆಳಗಿನ ರಸ, ಸಂಜೆಯ ರಸ ಎರಡನ್ನೂ ಸಂಜೆ ಒಟ್ಟಿಗೆ ಅಳೆಯಿರಿ. ಒಂದು ಲೋಟಕ್ಕೆ 50 ಮಿ.ಲೀ. ರಸ ಹಾಕಿ, ಸಿರಿಂಜಿನಿಂದ ಒಂದೊಂದೇ ಮಿ.ಲೀ. ಸುಣ್ಣದ ತಿಳಿ ಬಿಟ್ಟು ಕಲಕಿ. ಪ್ರತಿ ಸಲ ಕಡ್ಡಿಯಿಂದ ಒಂದು ಹನಿಯನ್ನು ಅರಿಸಿನದ ಪಟ್ಟಿಗೆ ಮುಟ್ಟಿಸಿ. ಹಳದಿ ಹೋಗಿ ಕೆಂಗಂದು ನಿಂತರೆ ಹುಳಿ ಮುಗಿಯಿತು. ಎಷ್ಟು ಮಿ.ಲೀ. ಹಿಡಿಯಿತು ಎಂದು ಬರೆದುಕೊಳ್ಳಿ. ಉಳಿದ 50 ಮಿ.ಲೀ.ಯಲ್ಲಿ ಇನ್ನೊಮ್ಮೆ ಮಾಡಿ. ಎರಡು ಸಲಕ್ಕೂ ಎರಡು ಮಿ.ಲೀ.ಗಿಂತ ಹೆಚ್ಚು ಅಂತರ ಬಂದರೆ ಕೈ ಎಲ್ಲೋ ತಪ್ಪಿದೆ.

ಬೆಳಗಿನ ಕಾಡುಬಸಳೆ ರಸ ಹತ್ತಿಪ್ಪತ್ತು ಮಿ.ಲೀ. ಕುಡಿದರೆ ಆಶ್ಚರ್ಯವಿಲ್ಲ. ಸಂಜೆಯದು ಅದರ ಅರ್ಧಕ್ಕಿಂತ ಸಾಕಷ್ಟು ಕಡಿಮೆ ಹಿಡಿಯಬೇಕು. ಹೊಂಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಕಾರಣ ಇಷ್ಟು: ಹೆಚ್ಚಿನ ಗಿಡಗಳು ಹಗಲಲ್ಲಿ ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ, ಅದೇ ಬಾಗಿಲಿನಿಂದ ನೀರನ್ನೂ ಕಳೆದುಕೊಳ್ಳುತ್ತವೆ. ಕಾಡುಬಸಳೆ, ಪಾಪಾಸುಕಳ್ಳಿಗಳು ಆ ಬಾಗಿಲನ್ನು ತಂಪಾದ ರಾತ್ರಿಯಲ್ಲಿ ತೆರೆದು, ಒಳಬಂದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ ಜೀವಕೋಶದ ರಸಕೋಶದಲ್ಲಿ ಕೂಡಿಡುತ್ತವೆ. ಹಗಲಾದ ಮೇಲೆ ಬಾಗಿಲು ಹಾಕಿಕೊಂಡು, ಆ ಆಮ್ಲದಿಂದಲೇ ಅನಿಲ ಬಿಡಿಸಿ ಬೆಳಕಿನಲ್ಲಿ ಆಹಾರ ತಯಾರಿಸುತ್ತವೆ. ಇದಕ್ಕೆ ತೆರುವ ಬೆಲೆಯೂ ಇದೆ. ಒಂದು ರಾತ್ರಿಗೆ ಕೂಡಿಡುವ ಆಮ್ಲಕ್ಕೆ ಮಿತಿ ಇರುವುದರಿಂದ ಬೆಳವಣಿಗೆ ನಿಧಾನ.

ವ್ಯತ್ಯಾಸ ಬರದಿದ್ದರೆ ಮೊದಲು ಹವಾಮಾನ ನೋಡಿ. ದಿನವಿಡೀ ಮೋಡವಿದ್ದರೆ ಬೆಳಗಿನ ಹುಳಿ ಸಂಜೆಗೂ ಕರಗಿರುವುದಿಲ್ಲ. ರಾತ್ರಿ ಸೆಕೆ ಇದ್ದರೆ ಆಮ್ಲ ಸರಿಯಾಗಿ ಕೂಡುವುದೇ ಇಲ್ಲ. ಟ್ಯೂಬ್‌ಲೈಟ್ ಕೆಳಗೆ ಇಟ್ಟ ಕುಂಡವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ತುದಿಯ ಎಳೆಯ ಎಲೆಗಳು ಇನ್ನೂ ಈ ಪದ್ಧತಿಗೆ ಪೂರ್ತಿ ಬಂದಿರುವುದಿಲ್ಲ, ತುದಿಯಿಂದ ನಾಲ್ಕೈದು ಜೋಡಿ ಕೆಳಗಿನವನ್ನು ಆರಿಸಿ. ಇನ್ನು ಸುಣ್ಣದ ತಿಳಿ: ತೆರೆದಿಟ್ಟರೆ ಗಾಳಿ ತಾಗಿ ಮೇಲೆ ಕೆನೆಗಟ್ಟುತ್ತದೆ, ಬಲ ಕಳೆದುಕೊಳ್ಳುತ್ತದೆ. ಬೆಳಗಿನ ರಸವನ್ನು ಬೆಳಿಗ್ಗೆಯೇ, ಸಂಜೆಯದನ್ನು ಸಂಜೆ ಅಳೆದರೆ ತೆಳುವಾದ ತಿಳಿ ಸಂಜೆ ಹೆಚ್ಚು ಹಿಡಿದು ಲೆಕ್ಕ ತಪ್ಪಿಸುತ್ತದೆ. ಎರಡನ್ನೂ ಸಂಜೆ ಒಟ್ಟಿಗೆ ಅಳೆಯಿರಿ ಎಂದದ್ದು ಇದಕ್ಕೇ. ಕುದಿಸುವುದನ್ನು ಬಿಟ್ಟರೆ ಫ್ರಿಜ್ಜಿನಲ್ಲೂ ಕಿಣ್ವಗಳು ಕೆಲಸ ಮುಂದುವರಿಸುತ್ತವೆ. ಹೋಲಿಕೆಗೆ ದಾಸವಾಳ ಮಾತ್ರ ಬೇಡ, ಅದರ ಲೋಳೆ ಬಟ್ಟೆಯಿಂದ ಇಳಿಯುವುದೇ ಇಲ್ಲ. ಸುಣ್ಣದ ತಿಳಿ ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ.

ಕಾಡುಬಸಳೆ ಮಡಗಾಸ್ಕರಿನದು, ಪಾಪಾಸುಕಳ್ಳಿ ಅಮೆರಿಕ ಖಂಡದ್ದು. ನಮ್ಮ ಬಯಲುಸೀಮೆ ಇವುಗಳಿಗೆ ಈ ಗುಣ ಕಲಿಸಲಿಲ್ಲ. ಬೇರೆಡೆ ಬಂದ ಗುಣ ಇಲ್ಲಿ ನಡೆಯಿತು, ಅಷ್ಟೆ. ನಮ್ಮದೇ ಚದುರಕಳ್ಳಿ ನೋಡಲು ಪಾಪಾಸುಕಳ್ಳಿಯ ಸಂಬಂಧಿಯಂತಿದ್ದರೂ ಕುಲ ಬೇರೆ. ಚದುರಕಳ್ಳಿ ಗಾಯವಾದರೆ ಹಾಲು ಸುರಿಸುತ್ತದೆ, ಮುಳ್ಳುಗಳು ಜೋಡಿಯಾಗಿರುತ್ತವೆ; ಪಾಪಾಸುಕಳ್ಳಿಯಲ್ಲಿ ಹಾಲಿಲ್ಲ, ಮುಳ್ಳುಗಳು ಸಣ್ಣ ಮೆತ್ತೆಯಂಥ ಜಾಗದಿಂದ ಗೊಂಚಲಾಗಿ ಹೊರಡುತ್ತವೆ. ಒಂದೇ ಕಷ್ಟಕ್ಕೆ ಎರಡು ಕುಲಗಳು ಪ್ರತ್ಯೇಕವಾಗಿ ಕಂಡುಕೊಂಡ ಒಂದೇ ಉತ್ತರ. ಕಳ್ಳಿಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ, ಹಾಗಾಗಿ ಇದನ್ನು ದೊಡ್ಡವರೇ ತೋರಿಸಬೇಕು.

ಪತ್ರರಂಧ್ರದ ಅಚ್ಚು

ಬಣ್ಣವಿಲ್ಲದ ನೇಲ್ ಪಾಲಿಷ್ ಅನ್ನು ಎಲೆಯ ಕೆಳಮೈಗೆ ಒಂದು ಚದರ ಸೆಂ.ಮೀ.ನಷ್ಟು ತೆಳ್ಳಗೆ ಹಚ್ಚಿ. 15 ನಿಮಿಷ ಒಣಗಿದ ಮೇಲೆ ಪಾರದರ್ಶಕ ಟೇಪ್ ಒತ್ತಿ ಎಬ್ಬಿಸಿ ಗಾಜಿನ ಪಟ್ಟಿಗೆ ಅಂಟಿಸಿ. ಶಾಲೆಯ ಸೂಕ್ಷ್ಮದರ್ಶಕದಲ್ಲಿ 100 ಪಟ್ಟು ಸಾಕು, ಕಾಗದದ ಫೋಲ್ಡ್‌ಸ್ಕೋಪ್ ಕೂಡ ನಡೆಯುತ್ತದೆ. ಪ್ರತಿ ಎಲೆಯಲ್ಲಿ ಐದು ಕಡೆ ಎಣಿಸಿ ಸರಾಸರಿ ತೆಗೆಯಿರಿ. ಪಾಲಿಷ್ ದಪ್ಪವಾದರೆ ಅಚ್ಚು ಮಸುಕು. ಎಕ್ಕದ ಎಲೆಯ ಮೇಲಿನ ಬಿಳಿ ಲೇಪ ಅಡ್ಡ ಬರುತ್ತದೆ, ಒದ್ದೆ ಹತ್ತಿಯಿಂದ ಮೃದುವಾಗಿ ಒರೆಸಿಕೊಳ್ಳಿ.

ಕಣಗಿಲೆಯಲ್ಲಿ ಎಲ್ಲರೂ ಎಡವುತ್ತಾರೆ. ಅಚ್ಚಿನಲ್ಲಿ ಒಂದು ರಂಧ್ರವೂ ಕಾಣದೆ "ಕಣಗಿಲೆಗೆ ಪತ್ರರಂಧ್ರವಿಲ್ಲ" ಎಂದು ಬರೆದುಬಿಡುತ್ತಾರೆ. ಅವು ಕೆಳಮೈಯ ಕುಳಿಗಳ ಒಳಗೆ, ರೋಮಗಳ ಮರೆಯಲ್ಲಿವೆ. ಕುಳಿಯೊಳಗಿನ ತೇವದ ಗಾಳಿ ಅಲ್ಲಾಡದಿರುವುದರಿಂದ ನೀರು ನಿಧಾನ ಹೊರಹೋಗುತ್ತದೆ. ನೋಡಬೇಕೆಂದರೆ ಎಲೆಯನ್ನು ಸೀಳಿದ ಕ್ಯಾರೆಟ್ ತುಂಡಿನ ನಡುವೆ ಸಿಕ್ಕಿಸಿ, ಹೊಸ ಬ್ಲೇಡನ್ನು ನೀರಲ್ಲಿ ಅದ್ದಿ, ಅಡ್ಡವಾಗಿ ಹತ್ತಿಪ್ಪತ್ತು ತೆಳುಪದರ ಕೊಯ್ಯಿರಿ. ನೀರಲ್ಲಿ ತೇಲುವವುಗಳಲ್ಲಿ ಅತಿ ತೆಳ್ಳಗಿನದನ್ನು ಆರಿಸಿ. ಕಣಗಿಲೆ ವಿಷ, ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಮಳೆಕಾಡು: ಚೂಪು ತುದಿಯನ್ನು ನಂಬುವ ಮುನ್ನ

ಮಳೆಕಾಡಿನ ಎಲೆಗಳಿಗೆ ನೀರು ಇಳಿಸಲು ಉದ್ದ ತುದಿ ಇರುತ್ತದೆ ಎನ್ನುವುದು ಎಲ್ಲ ಪುಸ್ತಕಗಳ ಮಾತು. ಪರೀಕ್ಷಿಸಲು ಅರಳಿ ಎಲೆ ಸಾಕು. ಒಂದೇ ಅಳತೆಯ ಹತ್ತು ಎಲೆ ತೆಗೆದು ಐದರ ಬಾಲ ಕತ್ತರಿಸಿ. ಎಲ್ಲವನ್ನೂ ತುದಿ ಕೆಳಗಾಗಿ ತೂಗುಹಾಕಿ, ತೂಗಿ, ಒಂದೇ ದೂರದಿಂದ ಹತ್ತು ಸಲ ನೀರು ಚಿಮುಕಿಸಿ, ಒಂದು ನಿಮಿಷ ಬಿಟ್ಟು ಮತ್ತೆ ತೂಗಿ. ಎಷ್ಟು ನೀರು ಉಳಿಯಿತು ಎಂಬ ಅಂತರ ನೀವಂದುಕೊಂಡಷ್ಟು ದೊಡ್ಡದಿರಲಿಕ್ಕಿಲ್ಲ. ಈ ವಿಷಯದಲ್ಲಿ ವಿಜ್ಞಾನಿಗಳಲ್ಲೂ ಒಮ್ಮತವಿಲ್ಲ. ಅಲ್ಲದೆ ಅರಳಿ ಒಣಸೀಮೆಯ ಕಟ್ಟೆಗಳ ಮೇಲೂ ಹುಲುಸಾಗಿ ಬೆಳೆಯುತ್ತದಲ್ಲ! ತುದಿ ಚೂಪಾಗಿದೆ ಎಂದ ಮಾತ್ರಕ್ಕೆ ಅದನ್ನು ಮಳೆಗೆ ಗಂಟುಹಾಕಬಾರದು.

ಮಲೆನಾಡಲ್ಲಿ ನಿಜಕ್ಕೂ ನೋಡಬೇಕಾದದ್ದು ಬೇರು. ಉತ್ತರ ಕನ್ನಡದ ಸಿದ್ದಾಪುರ ಸೀಮೆಯ ರಾಮಪತ್ರೆ ಜಡ್ಡಿಗಳಲ್ಲಿ (ಕಾಡುಜಾಯಿಕಾಯಿ ಜಾತಿಯ ಮರಗಳ ಜೌಗು ಕಾಡು) ಮಣ್ಣು ಸದಾ ನೀರುಂಡಿರುತ್ತದೆ, ಬೇರಿಗೆ ಗಾಳಿ ಸಾಲದು. ಅಲ್ಲಿನ ಮರಗಳು ಮಂಡಿಯಂತೆ ಬಾಗಿದ ಬೇರುಗಳನ್ನು ನೀರಿನ ಮೇಲಕ್ಕೆತ್ತಿರುತ್ತವೆ. ಮಂಡಿಯ ಎತ್ತರವನ್ನೂ ಆ ಜಾಗದ ನೀರಿನ ಮಟ್ಟವನ್ನೂ ಟೇಪಿನಲ್ಲಿ ಅಳೆದು ಬರೆದುಕೊಳ್ಳಿ, ತುಳಿಯಬೇಡಿ.

ಕರಾವಳಿ: ಉಪ್ಪನ್ನು ಮೀಟರಿನಲ್ಲಿ ಹಿಡಿಯುವುದು

ಕುಂದಾಪುರ, ಹೊನ್ನಾವರದ ಶರಾವತಿ ಅಳಿವೆ, ಕಾರವಾರದ ಕಾಳಿ ಅಳಿವೆಗಳಲ್ಲಿ ಕಾಂಡ್ಲಾ ಕಾಡುಗಳಿವೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ಇಳಿತದ ಹೊತ್ತಿಗೆ ಹೋಗಿ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ನಿನ್ನೆಯ ಸಮಯ ಇಂದು ನಡೆಯದು. ಅವಿಸೆನಿಯಾ ಜಾತಿಯದು ಕೆಸರಿನಿಂದ ಪೆನ್ಸಿಲಿನಂಥ ಉಸಿರುಬೇರು ಎಬ್ಬಿಸುತ್ತದೆ. ರೈಜೊಫೊರಾ ಬಿಳಲುಗಳನ್ನು ಊರಿ ನಿಲ್ಲುತ್ತದೆ.

ಎರಡೂ ಉಪ್ಪನ್ನು ನಿಭಾಯಿಸುವ ಬಗೆ ಬೇರೆ. ರೈಜೊಫೊರಾ ಬಹುಪಾಲು ಉಪ್ಪನ್ನು ಬೇರಿನಲ್ಲೇ ತಡೆಯುತ್ತದೆ. ಅವಿಸೆನಿಯಾ ಒಳಬಂದದ್ದನ್ನು ಎಲೆಯ ಗ್ರಂಥಿಗಳಿಂದ ಹೊರಗೆ ಹಾಕುತ್ತದೆ. ಕುಡಿಯುವ ನೀರಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಟಿಡಿಎಸ್ ಮೀಟರಿನಿಂದ ಇದನ್ನು ತೋರಿಸಬಹುದು. ಮರದಲ್ಲೇ ಇರುವ ಹತ್ತತ್ತು ಎಲೆಗಳಿಗೆ ದಾರ ಕಟ್ಟಿ ಗುರುತು ಮಾಡಿ, ಡಿಸ್ಟಿಲ್ಡ್ ವಾಟರಿನಿಂದ ತೊಳೆಯಿರಿ. 24 ಗಂಟೆ ಬಿಟ್ಟು ಪ್ರತಿ ಜಾತಿಯ ಹತ್ತು ಎಲೆಗಳನ್ನು 50 ಮಿ.ಲೀ. ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ತೊಳೆದು, ಆ ನೀರಿನ ಟಿಡಿಎಸ್ ನೋಡಿ. ಮೊದಲ ತೊಳೆತ ಬಿಟ್ಟರೆ ಸಮುದ್ರದ ಗಾಳಿ ತಂದ ಉಪ್ಪೂ ಸೇರಿಕೊಳ್ಳುತ್ತದೆ. ಆಗ ರೈಜೊಫೊರಾ ಕೂಡ ಉಪ್ಪು ಉಗುಳುವಂತೆ ಕಾಣುತ್ತದೆ. ಭರತದಲ್ಲಿ ಮುಳುಗುವ ಕೊಂಬೆ ಆರಿಸಿದರೂ ಇದೇ ಗತಿ. ನಡುವೆ ಮಳೆ ಬಂದರೆ ಮತ್ತೆ ಮೊದಲಿಂದ.

ಪ್ರಾಣಿಗಳು: ಹೊತ್ತು ಬರೆಯದ ಟಿಪ್ಪಣಿ ಬೇಡ

ಪ್ರಾಣಿಗಳನ್ನು ಅರೆದು ಅಳೆಯುವಂತಿಲ್ಲ, ಅವುಗಳ ನಡವಳಿಕೆಯನ್ನೇ ಅಳೆಯಬೇಕು. ರಾಣೆಬೆನ್ನೂರು ಅಥವಾ ಮಧುಗಿರಿ ಬಳಿಯ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳ ಹಿಂಡು ಸಿಕ್ಕರೆ, ಐದು ನಿಮಿಷಕ್ಕೊಮ್ಮೆ ಹಿಂಡನ್ನು ಎಡದಿಂದ ಬಲಕ್ಕೆ ಒಮ್ಮೆ ನೋಡಿ, ಎಷ್ಟು ಮೇಯುತ್ತಿವೆ, ಎಷ್ಟು ತಲೆಯೆತ್ತಿ ನೋಡುತ್ತಿವೆ, ಎಷ್ಟು ಮಲಗಿವೆ, ಎಷ್ಟು ನೆರಳಲ್ಲಿವೆ ಎಂದು ಬರೆಯಿರಿ. ಪಕ್ಕದಲ್ಲಿ ನೆರಳಿನ ತಾಪಮಾನವೂ ಇರಲಿ. ಬೆಳಗಿನಿಂದ ಸಂಜೆವರೆಗೆ ಮಾಡಿದರೆ ಮಾತ್ರ ಬಿಸಿಲನ್ನು ಹೇಗೆ ತಪ್ಪಿಸಿಕೊಳ್ಳುತ್ತವೆ ಎಂಬ ಚಿತ್ರ ಮೂಡುತ್ತದೆ. ನಡುಮಧ್ಯಾಹ್ನವೊಂದೇ ನೋಡಿದವರು ಪೊದೆಯ ಮರೆಯಲ್ಲಿರುವವನ್ನು ಬಿಟ್ಟು ಎಣಿಸುತ್ತಾರೆ. ನೀವು ಹತ್ತಿರ ಹೋದಷ್ಟೂ ತಲೆಯೆತ್ತುವ ಸಂಖ್ಯೆ ಏರುತ್ತದೆ. ಅದು ನಿಮ್ಮಿಂದಾದದ್ದು, ಬಯಲಿನಿಂದಲ್ಲ.

ಚಿತ್ರದುರ್ಗ, ರಾಮನಗರದ ಬಂಡೆಗಳ ಮೇಲಿನ ಓತಿಯಲ್ಲಿ ಇನ್ನೊಂದು ಬಲೆ ಇದೆ. ಗಂಡು ಕ್ಷಣಗಳಲ್ಲಿ ಬಣ್ಣ ಬದಲಿಸುವುದನ್ನು ಕಂಡು "ಅಡಗಲು ಬಣ್ಣ ಬದಲಿಸುತ್ತದೆ" ಎಂದು ಬರೆಯುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನದ ಪ್ರಕಾರ ಆ ಬದಲಾವಣೆ ಹೆಣ್ಣಿಗೂ ಎದುರಾಳಿ ಗಂಡಿಗೂ ಕೊಡುವ ಬೇರೆ ಬೇರೆ ಸಂಕೇತ. ಬಣ್ಣ ಬದಲಾದಾಗ ಸುತ್ತ ಇನ್ನೊಂದು ಓತಿ ಇತ್ತೇ ಎಂಬುದಕ್ಕೆ ಒಂದು ಕಾಲಂ ಇಟ್ಟುಕೊಳ್ಳಿ. ಶಾಖಕ್ಕೆ ಅದು ಏನು ಮಾಡುತ್ತದೆ ಎಂದು ತಿಳಿಯಲು ಬಂಡೆಯ ತಾಪಮಾನವನ್ನು ಇನ್ಫ್ರಾರೆಡ್ ಥರ್ಮಾಮೀಟರಿನಲ್ಲಿ ನೋಡಿ, ಮೈ ಬಂಡೆಗೆ ತಾಗಿದೆಯೋ ಕಾಲ ಮೇಲೆ ಎತ್ತಿಕೊಂಡಿದೆಯೋ, ಬಿಸಿಲಲ್ಲಿದೆಯೋ ಸಂದಿಯಲ್ಲಿದೆಯೋ ಗುರುತಿಸಿ.

ತಿಂಗಳ ಲೆಕ್ಕ ಹೀಗಿಟ್ಟುಕೊಳ್ಳಿ. ಸುಣ್ಣ-ಅರಿಸಿನದ ಪರೀಕ್ಷೆಗೆ ಡಿಸೆಂಬರ್‌ನಿಂದ ಫೆಬ್ರವರಿ: ರಾತ್ರಿ ತಂಪು, ಹಗಲು ಸ್ವಚ್ಛ ಬಿಸಿಲು. ಕಾಂಡ್ಲಾಕ್ಕೆ ಫೆಬ್ರವರಿ, ಮಾರ್ಚ್. ಮಳೆಗಾಲದಲ್ಲಿ ನದಿನೀರು ತುಂಬಿ ಅಳಿವೆಯೇ ಸಿಹಿಯಾಗಿರುತ್ತದೆ. ಒಣಸೀಮೆಯ ಬಿಲಗಪ್ಪೆಗಳು ಮೊದಲ ಜೋರು ಮಳೆಯ ರಾತ್ರಿ ಹೊರಬರುತ್ತವೆ. ಹಿಂಗಾಲಿನಲ್ಲಿ ಮಣ್ಣು ಅಗೆಯಲು ಸಲಿಕೆಯಂಥ ಗಟ್ಟಿ ಗಂಟಿದೆ, ಹಿಂದೆ ಹಿಂದೆ ಸರಿಯುತ್ತಲೇ ಮಣ್ಣಿಗಿಳಿಯುತ್ತವೆ. ಕೆಂಪು ಸೆಲ್ಲೋಫೇನ್ ಕಟ್ಟಿದ ಟಾರ್ಚ್ ಹಿಡಿದು ನೋಡಿ, ಕೈಯಲ್ಲಿ ಹಿಡಿಯಬೇಡಿ. ಗಮ್‌ಬೂಟು ಹಾಕದೆ ಹೊಲಕ್ಕಿಳಿಯಬೇಡಿ, ಅದೇ ಮಳೆಗೆ ಹಾವುಗಳೂ ಹೊರಬಂದಿರುತ್ತವೆ.