ಉಸ್ತ್ರಾ ಕೊಳ್ಳುವಾಗ ನಾನು ಮೊದಲು ನೋಡುವುದು ಅದರ ಬಾಯಿ

ಮನೆಯಲ್ಲೇ ಉಸ್ತ್ರಾ ಹಿಡಿದು ಶೇವ್ ಮಾಡಿಕೊಳ್ಳಲು ಶುರು ಮಾಡಿ ಮೂರು ವರ್ಷ ಆಯಿತು. ಮಸೆಗಲ್ಲು, ತೊಗಲಿನ ಪಟ್ಟಿ ಬೇಕಾಗುವ ಹಳೇ ಕ್ಷೌರದ ಕತ್ತಿಯ ಮಾತಲ್ಲ ಇದು. ಈಗ ಎಲ್ಲಾ ಸಲೂನ್‌ಗಳಲ್ಲೂ ಇರುತ್ತಲ್ಲ, ಮಾಮೂಲಿ ಬ್ಲೇಡನ್ನು ಉದ್ದಕ್ಕೆ ಮುರಿದು ಅರ್ಧ ಸಿಕ್ಕಿಸುತ್ತಾರಲ್ಲ, ಅದು.

ನಾನು ರಾಯಚೂರಿನವನು, ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಫಿಟ್ಟರ್ ಕೆಲಸ. ಬೂದಿ ಧೂಳಿನ ಜಾಗದಲ್ಲಿ ಮಾಸ್ಕ್ ಹಾಕಬೇಕು. ಗಡ್ಡ ಇದ್ದರೆ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ, ಸಂದಿಯಿಂದ ಧೂಳು ಒಳಗೆ ಬರುತ್ತದೆ. ಹಾಗಾಗಿ ದಿನಾ ಶೇವ್ ಬೇಕೇ ಬೇಕು. ಮೊದಲು ಮೂರು ಬ್ಲೇಡಿನ ರೇಜರ್ ಬಳಸುತ್ತಿದ್ದೆ, ಕುತ್ತಿಗೆ ತುಂಬಾ ಗುಳ್ಳೆ. ಆ ರೇಜರ್ ಕೂದಲನ್ನು ಚರ್ಮಕ್ಕಿಂತ ಕೆಳಗೆ ಕತ್ತರಿಸುತ್ತದೆ, ಮತ್ತೆ ಬೆಳೆಯುವಾಗ ಕೂದಲು ಹೊರಗೆ ಬರದೆ ಒಳಗೇ ಸುತ್ತಿಕೊಂಡು ಗುಳ್ಳೆ ಆಗುತ್ತದೆ. ಒಂದೇ ಬ್ಲೇಡ್ ಆದರೆ ಈ ತೊಂದರೆ ಕಡಿಮೆ ಅಂತ ಉಸ್ತ್ರಾ ಕಡೆ ಬಂದೆ.

ಮೊದಲನೆಯದನ್ನು ತೀನ್ ಕಂದೀಲ್ ಕಡೆ ಬಜಾರ್‌ನಲ್ಲಿ 80 ರೂಪಾಯಿಗೆ ತಂದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೈಗೆ ಒಳ್ಳೇ ತೂಕ. ಡಬ್ಬಿಯ ಮೇಲೆ ಜರ್ಮನ್ ಸ್ಟೀಲ್ ಅಂತ ಬೇರೆ ಬರೆದಿತ್ತು. ಒಂದು ವಾರದೊಳಗೆ ಬಲ ದವಡೆಯ ಮೇಲೆ ನಾಲ್ಕು ಕಡೆ ಕೊಯ್ದುಕೊಂಡೆ. ಕೈ ಇನ್ನೂ ಪಳಗಿಲ್ಲ, ಪಳಗಿದರೆ ಸರಿಯಾಗುತ್ತದೆ ಅಂದುಕೊಂಡು ಮತ್ತೂ ಎರಡು ವಾರ ತಾಳಿದೆ. ಸರಿಯಾಗಲಿಲ್ಲ. ಕೊನೆಗೆ ಅದನ್ನು ಜೇಬಿನಲ್ಲಿ ಹಾಕಿಕೊಂಡು ನಮ್ಮ ಓಣಿಯ ಸಲೂನ್ ಕಾಕಾನ ಹತ್ತಿರ ಹೋದೆ. ಅವರು ಬಿಚ್ಚಿ, ಬಾಗಿಲ ಬೆಳಕಿಗೆ ಹಿಡಿದು ನೋಡಿ, ‘ತಮ್ಮಾ, ಹೊಳಪು ನೋಡಿ ತಂದೀಯಲ್ಲ, ಇದರ ಬಾಯಿ ನೋಡಿಲ್ಲ ನೀನು’ ಅಂದರು.

ಬಾಯಿ ಅಂದರೆ ಬ್ಲೇಡ್ ಕಚ್ಚಿ ಹಿಡಿಯುವ ಜಾಗ. ಆ ಒಂದು ಮಾತಿನಿಂದ ನನಗೆ ಪೂರ್ತಿ ವಿಷಯ ತಿಳಿಯಿತು, ಯಾಕಂದ್ರೆ ನನ್ನ ಕೆಲಸವೂ ಅದೇ ಅಲ್ವಾ, ಒಂದು ಸಾಮಾನು ಇನ್ನೊಂದರಲ್ಲಿ ಸರಿಯಾಗಿ ಕೂತಿದೆಯಾ ಅಂತ ನೋಡುವುದು. ಕೂದಲು ಕತ್ತರಿಸುವುದು ಬ್ಲೇಡ್. ಉಸ್ತ್ರಾ ಮಾಡುವ ಕೆಲಸ ಆ ಬ್ಲೇಡನ್ನು ಅಲುಗಾಡದ ಹಾಗೆ ಹಿಡಿದುಕೊಳ್ಳುವುದು, ಅಷ್ಟೇ. ನಮ್ಮ ಮಾಮೂಲಿ ಬ್ಲೇಡಿನ ದಪ್ಪ ಬರೀ 0.1 ಮಿಲಿಮೀಟರ್. ಹಿಡಿತ ಸಡಿಲ ಇದ್ದರೆ ಗಟ್ಟಿ ಕೂದಲು ಸಿಕ್ಕ ಕೂಡಲೇ ಅದು ಬಾಗುತ್ತದೆ, ನಡುಗುತ್ತದೆ, ಆಮೇಲೆ ಚರ್ಮಕ್ಕೆ ಇಳಿಯುತ್ತದೆ. ಫೆದರ್ ಕಂಪನಿಯ ಆರ್ಟಿಸ್ಟ್ ಕ್ಲಬ್ ತರಹದ ದುಬಾರಿ ಉಸ್ತ್ರಾಗಳಿಗೆ ಅವುಗಳದೇ ದಪ್ಪ ಬ್ಲೇಡ್ ಬರುತ್ತದೆ, ಸುಲಭಕ್ಕೆ ಬಾಗುವುದಿಲ್ಲ. ಅಗ್ಗದ ಉಸ್ತ್ರಾದಲ್ಲಿ ತೆಳು ಬ್ಲೇಡೇ ಗತಿ, ಅದಕ್ಕೇ ಅದರ ಬಾಯಿ ಇನ್ನೂ ಚೆನ್ನಾಗಿರಬೇಕು.

ಮರುದಿನ ವರ್ನಿಯರ್ ಹಿಡಿದು ಅಳೆದೆ. ಬ್ಲೇಡಿನ ಅಂಚು ಹಿಡಿಯ ಕಡೆ 1.4 ಮಿಲಿಮೀಟರ್ ಹೊರಗಿತ್ತು, ತುದಿಯ ಕಡೆ 2 ಮಿಲಿಮೀಟರ್. ಅಂದರೆ ಬ್ಲೇಡ್ ಓರೆ ಕೂತಿದೆ. ನಾನು ಕೈ ನೇರ ಹಿಡಿದರೂ ತುದಿ ಮೊದಲು ಚರ್ಮಕ್ಕೆ ತಾಗುತ್ತಿತ್ತು. ಬ್ಲೇಡನ್ನು ನಾನೇ ಸರಿಯಾಗಿ ಮುರಿಯದೆ ಹೀಗಾಯಿತಾ ಅನ್ನುವ ಅನುಮಾನವೂ ಇತ್ತು. ಮುರಿದ ಬದಿಯಲ್ಲಿ ಒಂದು ಚೂರು ಉಬ್ಬು ಉಳಿದರೂ ಬ್ಲೇಡ್ ಓರೆ ಕೂರುತ್ತದೆ, ಅದನ್ನು ಉಸ್ತ್ರಾದ ತಪ್ಪು ಅನ್ನಲಾಗದು. ಹೊಸ ಬ್ಲೇಡನ್ನು ಕಾಗದದ ಹೊದಿಕೆಯಲ್ಲೇ ಇಟ್ಟು ಉದ್ದಕ್ಕೆ ಮಡಚಿ ಮುರಿದೆ, ಬದಿ ನೀಟಾಗಿ ಬಂತು. ಹಾಕಿ ನೋಡಿದರೆ ಮತ್ತೆ ಅದೇ ಓರೆ. ಬಾಯಿಯೊಳಗೆ ಬ್ಲೇಡಿನ ಕಚ್ಚಿಗೆ ಕೂರಬೇಕಾದ ಸಣ್ಣ ಗುಬುಟು ಇರುತ್ತದೆ, ಇದರಲ್ಲಿ ಅದು ಇದ್ದೂ ಇಲ್ಲದ ಹಾಗಿತ್ತು.

ಎರಡನೆಯದನ್ನು ಕೊಳ್ಳಲು ಹೋದಾಗ ಬ್ಲೇಡ್ ನಾನೇ ತೆಗೆದುಕೊಂಡು ಹೋದೆ. ಅಂಗಡಿಯವರು ಮೊದಲು ಬೇಡ ಅಂದರು, ಹಾಳು ಮಾಡಲ್ಲ ಅಣ್ಣಾ, ಬೆಳಕಿಗೆ ಹಿಡಿದು ನೋಡಿ ಕೊಡ್ತೀನಿ ಅಂದಮೇಲೆ ಒಪ್ಪಿದರು. ಬ್ಲೇಡ್ ಹಾಕಿ, ಮೊಬೈಲ್ ಟಾರ್ಚ್ ಹಿಂದೆ ಹಿಡಿದು, ಬಾಯಿಗೂ ಬ್ಲೇಡಿಗೂ ನಡುವೆ ಬೆಳಕಿನ ಗೆರೆ ಬರುತ್ತದಾ ನೋಡಿದೆ. ಗೆರೆ ಕಂಡರೆ ಅಲ್ಲಿ ಹಿಡಿತ ಇಲ್ಲ ಅಂತಲೇ ಅರ್ಥ. ಆಮೇಲೆ ಬೆಂಕಿಕಡ್ಡಿಯಿಂದ ಬ್ಲೇಡಿನ ಚಪ್ಪಟೆ ಭಾಗವನ್ನು ತುದಿಯಲ್ಲಿ, ನಡುವೆ, ಬುಡದಲ್ಲಿ ಮೆಲ್ಲಗೆ ಒತ್ತಿದೆ. ಟಿಕ್ ಅಂತ ಸದ್ದು ಬಂದರೆ ವಾಪಸ್. ಹೀಗೆ ಐದು ನೋಡಿದೆ, ಒಂದೇ ಕಂಪನಿಯ ಒಂದೇ ಮಾದರಿ, ಎರಡು ಮಾತ್ರ ಪಾಸಾದವು. ಅಗ್ಗದ ಸಾಮಾನಿನಲ್ಲಿ ಹೆಸರು ನೋಡಿ ಕೊಳ್ಳುವುದಕ್ಕಿಂತ ಕೈಗೆ ಬಂದ ಆ ಒಂದನ್ನೇ ಪರೀಕ್ಷೆ ಮಾಡಬೇಕು ಅಂತ ನಾನು ಹೇಳುವುದು ಇದಕ್ಕೇ.

ಆ ಎರಡರಲ್ಲಿ ಬ್ಲೇಡಿನ ಮೂಲೆ ಹೊರಗೆ ಚಾಚದೇ ಇದ್ದದ್ದನ್ನು ಆರಿಸಿದೆ. ಕಿವಿಯ ಹತ್ತಿರ, ಮೇಲ್ತುಟಿಯ ಹತ್ತಿರ ಕೊಯ್ಯುವುದು ಹೆಚ್ಚಾಗಿ ಈ ಮೂಲೆಯೇ. ಹಿಡಿಯ ರಿವೆಟ್ ಕೂಡ ನೋಡಿದೆ: ಬಿಚ್ಚಿ ಯಾವ ಕೋನದಲ್ಲಿ ಬಿಟ್ಟರೂ ಅಲ್ಲೇ ನಿಲ್ಲಬೇಕು, ಮಡಚಿದಾಗ ಬ್ಲೇಡ್ ಹಿಡಿಯ ಒಳಬದಿಗೆ ತಾಗಬಾರದು. ತಾಗಿದರೆ ಶೇವ್ ಮಾಡುವ ಮೊದಲೇ ಅಂಚು ಹೋಯಿತು. ಬೆಲೆ 140 ರೂಪಾಯಿ. ಕೆಲವರು ಅಯಸ್ಕಾಂತ ಇಟ್ಟು ನೋಡಿ, ಅಂಟಿದರೆ ಕಬ್ಬಿಣ, ತಗೋಬೇಡ ಅಂತಾರೆ. ಅದನ್ನು ನಂಬಬೇಡಿ. ಚಾಕು ಕತ್ತರಿಗಳಿಗೆ ಬಳಸುವ ಸ್ಟೇನ್‌ಲೆಸ್ ಸ್ಟೀಲ್ ಕೂಡ ಅಯಸ್ಕಾಂತಕ್ಕೆ ಅಂಟುತ್ತದೆ.

ಮನೆಗೆ ಬಂದು ಒಂದೇ ಬ್ಲೇಡನ್ನು ಮುರಿದು, ಒಂದು ಅರ್ಧ ಹಳೆಯದಕ್ಕೆ, ಇನ್ನೊಂದು ಅರ್ಧ ಹೊಸದಕ್ಕೆ ಹಾಕಿದೆ. ಹಳೆಯದರಿಂದ ಎಡ ಕೆನ್ನೆ, ಹೊಸದರಿಂದ ಬಲ ಕೆನ್ನೆ. ಮರುದಿನ ಹೊಸ ಬ್ಲೇಡ್ ಮುರಿದು ಅದಲು ಬದಲು, ಯಾಕಂದ್ರೆ ಎಡಗಡೆ ನನಗೆ ಕೈ ಅಷ್ಟು ಸಲೀಸಾಗಿ ತಿರುಗುವುದಿಲ್ಲ, ಆ ತಪ್ಪು ಉಸ್ತ್ರಾದ ಲೆಕ್ಕಕ್ಕೆ ಬರಬಾರದು. ಎರಡೂ ದಿನ ಚರ್ಮ ಎಳೆದು ಹಿಡಿದು, ಸುಮಾರು 30 ಡಿಗ್ರಿ ಕೋನದಲ್ಲಿ, ಒತ್ತದೆ, ಕೂದಲಿನ ದಿಕ್ಕಿಗೇ ಎಳೆದೆ. ಮುಖ ತೊಳೆದು ಪಟಿಕ ಸವರಿದೆ. ಪಟಿಕದಂಥ ಪರೀಕ್ಷಕ ಇನ್ನೊಬ್ಬ ಇಲ್ಲ, ಕಣ್ಣಿಗೆ ಕಾಣದ ಸಣ್ಣ ಕೆರಕಲನ್ನೂ ಅದು ಉರಿಸಿ ತೋರಿಸುತ್ತದೆ. ಹಳೆಯದು ಯಾವ ಕೆನ್ನೆಗೆ ಹೋಗಿತ್ತೋ ಆ ಕೆನ್ನೆ ಎರಡೂ ದಿನ ಉರಿಯಿತು. ಹೊಸದು ಹೋದ ಕಡೆ ಗಲ್ಲದ ಕೆಳಗೆ ಮಾತ್ರ ಚುರುಕ್ ಅಂದಿತು, ಅಲ್ಲಿ ನಾನೇ ಕೋನ ಜಾಸ್ತಿ ಮಾಡಿದ್ದೆ.

ಬ್ಲೇಡ್ ಒಬ್ಬರದು ಇನ್ನೊಬ್ಬರಿಗೆ ಬಳಸಲೇಬೇಡಿ, ಮನೆಯವರೇ ಆದರೂ. ಹೆಪಟೈಟಿಸ್ ಬಿ ರಕ್ತದಿಂದ ಹರಡುತ್ತದೆ, ಕಾಣದಷ್ಟು ರಕ್ತ ಸಾಕು. ಸಲೂನ್‌ನಲ್ಲೂ ನಿಮ್ಮ ಕಣ್ಣೆದುರೇ ಹೊಸದು ಮುರಿದು ಹಾಕಿಸಿಕೊಳ್ಳಿ.

ನಮ್ಮ ಬೋರ್ ನೀರು ಗಡಸು. ಒಣಗಿದರೆ ಬಿಳಿ ಪಕ್ಕು ಕಟ್ಟುತ್ತದೆ. ಎಂಟು ತಿಂಗಳಾದ ಮೇಲೆ ಹೊಸ ಉಸ್ತ್ರಾವೂ ಒಂದು ದಿನ ಟಿಕ್ ಅಂದಿತು. ಬಾಯಿ ಸಡಿಲಾಯಿತಾ ಅಂತ ಭಯ ಆಯಿತು. ಬಿಡಿಸಿ ನೋಡಿದರೆ ಒಳಗೆ ಸಾಬೂನು, ಪಕ್ಕು ಸೇರಿ ಗಟ್ಟಿಯಾಗಿ ಕೂತಿತ್ತು, ಅದರಿಂದ ಬಾಯಿ ಪೂರ್ತಿ ಮುಚ್ಚುತ್ತಿರಲಿಲ್ಲ. ವಿನೆಗರ್‌ನಲ್ಲಿ ಅದ್ದಿದ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ತೊಳೆದು, ಒರೆಸಿ, ರಿವೆಟ್‌ಗೆ ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಬಿಟ್ಟೆ. ಬೆಂಕಿಕಡ್ಡಿಯಿಂದ ಮತ್ತೆ ಮೂರು ಕಡೆ ಒತ್ತಿದೆ. ಸದ್ದು ಬರಲಿಲ್ಲ. ಅವತ್ತಿಂದ ಪ್ರತಿ ಭಾನುವಾರ ಇದನ್ನು ತಪ್ಪಿಸಿಲ್ಲ.