ನೇತ್ರಾಣಿಯಲ್ಲಿ ಲಂಗರು ಬಿಟ್ಟು ಬೋಲ್ಟ್ ಹಿಡಿದ ಕಥೆ

ನೇತ್ರಾಣಿ ದ್ವೀಪದ ಬಳಿ ಪ್ರವಾಸಿಗರನ್ನು ನೀರಿಗಿಳಿಸಿ ಹವಳ ತೋರಿಸುವವರು ನಾವು. ಲಂಗರು ಎಸೆದು ಹವಳ ಮುರಿಯುವ ಬದಲು ಸಮುದ್ರತಳದ ಬಂಡೆಗೆ ಬೋಲ್ಟ್ ಕೂರಿಸಿ, ಅದಕ್ಕೆ ಹಗ್ಗದಿಂದ ದೋಣಿ ಕಟ್ಟುತ್ತೇವೆ. ಮಳೆಗಾಲದ ಅಲೆಗೆ ನಿಮ್ಮ ಬೋಲ್ಟ್ ಉಳಿದರೆ ಮೀಸೆ ಬೋಳಿಸಿಕೊಳ್ಳುತ್ತೇವೆ ಎಂದು ಮುರುಡೇಶ್ವರದ ಇಬ್ಬರು ದೋಣಿ ಮಾಲೀಕರು ಪಂಥ ಕಟ್ಟಿದ್ದರು. ಎರಡು ಮೂರು ಮಳೆಗಾಲ ಕಳೆದಿವೆ. ಬೋಲ್ಟ್‌ಗಳು ಅಲ್ಲೇ ಇವೆ, ಮೀಸೆಗಳೂ ಇವೆ.

ಸಮುದ್ರದ ನೀರು ಬಿಸಿಯಾಗಿ ಹವಳ ಬಿಳಿಚಿಕೊಂಡರೆ ನಾವು ಮಾಡುವಂಥದ್ದು ಹೆಚ್ಚೇನಿಲ್ಲ. ಲಂಗರು ಹಾಗಲ್ಲ, ಅದನ್ನು ಎಸೆಯುವವರೇ ನಾವು. ಗುಂಡು ಹವಳ ವರ್ಷಕ್ಕೆ ಬೆಳೆಯುವುದು ಸುಮಾರು 1 ಸೆಂ.ಮೀ. ಲಂಗರಿಗಿಂತಲೂ ಅದರ ಸರಪಳಿ ಕೆಟ್ಟದ್ದು. ಗಾಳಿ ತಿರುಗಿದಂತೆ ದೋಣಿ ತಿರುಗಿ ತಳವನ್ನೆಲ್ಲ ಗುಡಿಸಿಬಿಡುತ್ತದೆ.

ಮೊದಲು ಎಲ್ಲರಂತೆ ದೋಣಿ ಕಟ್ಟಲು ಕಾಂಕ್ರೀಟ್ ಬ್ಲಾಕ್ ಇಳಿಸಿದೆವು. ದಡದಲ್ಲಿ 1 ಟನ್ ಇದ್ದ ಬ್ಲಾಕ್ ನೀರಿನಲ್ಲಿ 600 ಕೆ.ಜಿ.ಯೂ ತೂಗುವುದಿಲ್ಲ. ಮಳೆಗಾಲ ಮುಗಿದ ಮೇಲೆ ಮುಳುಗಿ ನೋಡಿದರೆ ಹತ್ತಾರು ಅಡಿ ಸರಿದಿತ್ತು, ದಾರಿಯಲ್ಲಿದ್ದ ಹವಳವನ್ನು ಅರೆದುಹಾಕಿತ್ತು. ಅಚ್ಚು, ಸಾಗಾಟ, ಕ್ರೇನ್ ಎಲ್ಲ ಸೇರಿ 60 ಸಾವಿರದ ಹತ್ತಿರ ಸಮುದ್ರದ ಪಾಲಾಯಿತು.

ಆಮೇಲೆ ಬಂಡೆ ಕೊರೆದು ಬೋಲ್ಟ್ ಕೂರಿಸುವ ದಾರಿ ಹಿಡಿದೆ. ಫ್ಲೋರಿಡಾದಲ್ಲಿ 1980ರ ದಶಕದಿಂದಲೂ ಇದು ನಡೆಯುತ್ತಿದೆ, ನಾನು ಕಂಡುಹಿಡಿದದ್ದಲ್ಲ. ಆದರೆ ನಮ್ಮ ಮಾರುಕಟ್ಟೆಯೇ ಬೇರೆ. ಉಪ್ಪುನೀರನ್ನು ಹೆಚ್ಚು ತಾಳುವ 316 ದರ್ಜೆಯ ಸ್ಟೀಲ್ ಎಂದು ಬಿಲ್ ಬರೆದ ಅಂಗಡಿಯವರು ಕೊಟ್ಟಿದ್ದು ಅಷ್ಟು ತಾಳದ 304. ಒಂದೇ ಹಂಗಾಮಿನಲ್ಲಿ ಬೋಲ್ಟ್‌ಗೆ ಗುಳಿ ಬಿತ್ತು. ಆಯಸ್ಕಾಂತ ಹಿಡಿದರೆ ಈ ವ್ಯತ್ಯಾಸ ತಿಳಿಯುವುದಿಲ್ಲ. 316ರಲ್ಲಿ ಬೆರೆತಿರುವ ಮಾಲಿಬ್ಡಿನಮ್ ಎಂಬ ಲೋಹ 304ರಲ್ಲಿ ಇರುವುದಿಲ್ಲ. ಈಗ ಮಾಲಿಬ್ಡಿನಮ್ ಪರೀಕ್ಷೆಯ ಹನಿ ಹಾಕಿ ನೋಡದೆ ಸರಳನ್ನು ಗಾಡಿಗೆ ಏರಿಸುವುದಿಲ್ಲ.

ಸಿಮೆಂಟಿನದು ಇನ್ನೊಂದು ಗೋಳು. ನೀರಿನ ಸೆಳೆತಕ್ಕೆ ಸಿಕ್ಕಿ ಗಂಜಿಯಂತೆ ತೂತಿನಿಂದ ಹೊರಗೆ ಹರಿಯುತ್ತಿತ್ತು. ಈಗ ದೋಣಿಯಲ್ಲೇ ಗಟ್ಟಿಯಾಗಿ ಕಲಸಿ, ಪ್ಲಾಸ್ಟಿಕ್ ಚೀಲದಲ್ಲಿ ಕೆಳಗೊಯ್ದು, ಚೀಲದ ಮೂಲೆ ಕತ್ತರಿಸಿ ತೂತಿನ ತಳದಿಂದ ತುಂಬುತ್ತೇವೆ. ಬೇಗ ಬಿಗಿಯಲು ಬೆರೆಸುವ ಪುಡಿ ಯಾವುದು, ಎಷ್ಟು ಎಂಬುದನ್ನು ಬರೆಯುವುದಿಲ್ಲ. ಅದಕ್ಕಾಗಿ ಸಾಕಷ್ಟು ದುಡ್ಡು ಸುರಿದಿದ್ದೇನೆ. ಕೊರೆಯುವುದು ಬರಿಯ ಬಂಡೆಯಲ್ಲಿ ಮಾತ್ರ. ಕಲ್ಲುಹವಳಗಳು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಅನುಮತಿ ಪತ್ರ ಕೈಗೆ ಬರುವ ಮೊದಲು ಡ್ರಿಲ್ ಮುಟ್ಟಬೇಡಿ.

ಬೋಲ್ಟಿನಿಂದ ಮೇಲಕ್ಕೆ ಬರುವ ಹಗ್ಗದ ನಡುವೆ ಒಂದು ಚಿಕ್ಕ ತೇಲುಗುಂಡು ಕಟ್ಟಿದರೆ ಹಗ್ಗ ತಳಕ್ಕೆ ಉಜ್ಜುವುದಿಲ್ಲ. ಮೇ ಕೊನೆಯಲ್ಲಿ ಹಗ್ಗವನ್ನೆಲ್ಲ ಬಿಚ್ಚಿ ತಂದು, ಬೋಲ್ಟನ್ನು ಮಾತ್ರ ಬಿಡುತ್ತೇವೆ.

ಇಷ್ಟಾದರೂ ಹಗ್ಗವನ್ನು ಯಾರೋ ಕತ್ತರಿಸುತ್ತಲೇ ಇದ್ದರು. ಗಾಳದ ದೋಣಿ ನಡೆಸುವ ಹಿರಿಯ ತಾಂಡೇಲರೊಬ್ಬರು (ದೋಣಿಯ ಮುಖ್ಯಸ್ಥರು) ನೇರವಾಗಿಯೇ ಕೇಳಿದರು: "ಇದು ನಿಮ್ಮ ಪ್ರವಾಸಿಗರಿಗೆ ಮಾತ್ರವೋ, ನಮಗೂ ಉಂಟೋ?" ಮರುದಿನದಿಂದ ಅವರೂ ಕಟ್ಟಿಕೊಳ್ಳಬಹುದು ಎಂದಾಯಿತು. ಬೆಳಗಿನ ಜಾವ ಅವರದು, ಒಂಬತ್ತರ ಮೇಲೆ ನಮ್ಮದು. ಆಮೇಲೆ ಕತ್ತರಿ ಬಿದ್ದಿಲ್ಲ. ಹಗ್ಗ ಸವೆದರೆ ನನಗೆ ಫೋನ್ ಬರುವುದೂ ಅವರಿಂದಲೇ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಹವಳಕ್ಕೆ ಸುತ್ತಿಕೊಂಡ ಹಳೆಯ ಬಲೆಯನ್ನು ಗಾಳಿಚೀಲ ಕಟ್ಟಿ ಎತ್ತಿದರೆ ಕೊಂಬೆಗಳೂ ಕಿತ್ತುಬರುತ್ತವೆ. ಕತ್ತರಿ ಹಿಡಿದು ತುಂಡು ತುಂಡಾಗಿ ಬಿಡಿಸಬೇಕು. ಆ ಬಲೆಯನ್ನು ಗುಜರಿಗೆ ಹಾಕಿ ಖರ್ಚು ಹುಟ್ಟಿಸುವ ಲೆಕ್ಕಾಚಾರ ಡೀಸೆಲ್‌ಗೂ ಸಾಲಲಿಲ್ಲ. ಫಲಿಸಿದ್ದು ಇನ್ನೊಂದು: ಫೋಟೊ ತೆಗೆಯುವ ಜಾಗವನ್ನು ಹವಳದ ಪಕ್ಕದಿಂದ ಮರಳಿನ ಬಯಲಿಗೆ ಬದಲಿಸಿದೆವು. ಮೊದಲ ಸಲ ನೀರಿಗಿಳಿದವರು ಕ್ಯಾಮೆರಾ ಕಂಡೊಡನೆ ಮಂಡಿಯೂರುತ್ತಾರೆ. ಊರಲಿ, ಮರಳಿನ ಮೇಲೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಈಗ ಒಂದು ಬೋಲ್ಟ್‌ಗೆ ಹಗ್ಗವೂ ಸೇರಿ 35ರಿಂದ 40 ಸಾವಿರ ಬೀಳುತ್ತದೆ, ಡ್ರಿಲ್ ಬಾಡಿಗೆ ಬೇರೆ. ನಮ್ಮ ಸಣ್ಣ ದೋಣಿಗಳಿಗೆ ಇಷ್ಟು ಸಾಕು. ದೊಡ್ಡ ದೋಣಿ ಕಟ್ಟಬೇಕಾದರೆ ಎರಡು ಬೋಲ್ಟ್‌ಗೆ ಕವಲು ಹಗ್ಗ ಬೇಕು. ಅಕ್ಟೋಬರ್‌ನಲ್ಲಿ ನೀರು ತಿಳಿಯಾದೊಡನೆ ಆ ಕೆಲಸ. ಮೀಸೆಯ ಮಾಲೀಕರಲ್ಲಿ ಒಬ್ಬರು ಅದಕ್ಕೆ ಅರ್ಧ ದುಡ್ಡು ಹಾಕುತ್ತಿದ್ದಾರೆ.